ಹಿತ್ತಲ ಮರಕ್ಕೂ ಲೈಸೆನ್ಸ್!

ಇಂಗ್ಲೆಂಡಿನ ಹಳ್ಳಿಗೆ ಹೋದವರು ಅಲ್ಲಿನ ಪಬ್ಬಲ್ಲಿ ಕೂತು ಒಂದು ಫೋಟೊ ಹಾಕೇ ಹಾಕ್ತಾರೆ. ಹಳೇ ಕಟ್ಟಡ, ಒಳಗೆ ಬೆಂಕಿಗೂಡು, ಊರವರ ಹರಟೆ. 'ಪಬ್ಲಿಕ್ ಹೌಸ್' ಅನ್ನೋದರ ಚುಟುಕು ರೂಪವೇ ಪಬ್. ಹಾಗಾದ್ರೆ ನಮ್ಮ ಶಿರಸಿ ಕಡೆಯ ವಾನಳ್ಳಿಯಂಥ ಊರಲ್ಲಿ ಇಂಥದ್ದೊಂದು ಯಾಕೆ ಬೆಳೀಲಿಲ್ಲ?

ಉತ್ತರ ಬರೀ ಮಡಿವಂತಿಕೆಯಲ್ಲಿಲ್ಲ, ಕಾನೂನಿನಲ್ಲೂ ಇದೆ. 1830ರಲ್ಲಿ ಬ್ರಿಟಿಷ್ ಸಂಸತ್ತು ಇಂಗ್ಲೆಂಡಿಗೆ ಒಂದು ಕಾಯ್ದೆ ತಂತು. ತೆರಿಗೆ ಕಟ್ಟುವ ಮನೆಯವರು ಎರಡು ಗಿನಿ ಕೊಟ್ಟು ಲೈಸೆನ್ಸ್ ತಗೊಂಡ್ರೆ ಮನೆಯಲ್ಲೇ ಬಿಯರ್ ಮಾಡಿ ಮಾರಬಹುದಿತ್ತು.

ಅದೇ ಸಾಮ್ರಾಜ್ಯ ಇಲ್ಲಿ ಬಿಗಿ ಮಾಡ್ತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1878ರ ಅಬಕಾರಿ ಕಾಯ್ದೆ ಬಂದ ಮೇಲೆ ಬೈನೆ ಮರದಿಂದ ಕಳ್ಳು ಇಳಿಸೋಕೂ ಲೈಸೆನ್ಸ್, ಮೇಲೆ ಮರದ ತೆರಿಗೆ. ಮರ ನಿಮ್ಮದೇ ಹಿತ್ತಲಲ್ಲಿದ್ರೂ! ಕಳ್ಳು ಸರ್ಕಾರದ ಆದಾಯ ಆಯ್ತು. ಅದಕ್ಕೇ 1930ರ ಚಳವಳಿಯಲ್ಲಿ ಹೆಂಡದಂಗಡಿ ಮುಂದೆ ಪಿಕೆಟಿಂಗ್ ಅಂದ್ರೆ ಖಜಾನೆಗೇ ಪೆಟ್ಟು. 1950ರಲ್ಲಿ ಮುಂಬಯಿ ರಾಜ್ಯ ಪೂರ್ತಿ ಪಾನನಿಷೇಧ ತಂತು. ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿದ್ದು 1956ರಲ್ಲಿ.

ಕುಡಿತ ಎಷ್ಟೋ ಮನೆ ಹಾಳು ಮಾಡಿದೆ, ನಿಜ. ಆದ್ರೆ ಅಲ್ಲಿ ಎಲ್ಲರೂ ಕೂತು ಮಾತಾಡೋ ಮನೆ ಆಗಿದ್ದು, ಇಲ್ಲಿ ತಲೆತಗ್ಗಿಸಿ ಹೋಗೋ ಜಾಗ ಆಯ್ತು. ಅದರಲ್ಲಿ ಕಾನೂನಿನ ಕೈಯೂ ಇತ್ತು.