ಪತ್ರಿಕಾಲಯದಿಂದ ರಾಜಸಭೆಗೆ: ಜಾನ್ ಬಿಗೆಲೋ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ದೂತರನ್ನು ಮೂರು ವರ್ಗಗಳಾಗಿ ವಿಂಗಡಿಸಿರುವನು. ಪೂರ್ಣಾಧಿಕಾರವನ್ನು ಪಡೆದು ಹೋದವನು ನಿಸೃಷ್ಟಾರ್ಥ. ಗೊತ್ತಾದ ಒಂದು ಕಾರ್ಯಕ್ಕೆ ಮಾತ್ರ ಹೋದವನು ಪರಿಮಿತಾರ್ಥ. ಓಲೆಯನ್ನು ಒಯ್ದು ಒಪ್ಪಿಸಿ ಬರತಕ್ಕವನು ಶಾಸನಹರ. ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದ ಒಬ್ಬ ದೂತನ ವಿಷಯವಾಗಿ ನಾವು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಆತನು ವೃತ್ತಿಯಿಂದ ಪತ್ರಿಕಾಸಂಪಾದಕ. ಅವನಿಗೆ ದೊರೆತ ಹುದ್ದೆಯಾದರೋ ಹಡಗುಗಳ ಸರಕುಪಟ್ಟಿಗಳಿಗೆ ಮುದ್ರೆಯೊತ್ತುವ ಕಾನ್ಸಲಿನದು. ಆದರೆ ಅವನು ಮಾಡಿದ ಕಾರ್ಯವು ಒಂದು ರಾಷ್ಟ್ರದ ಉಳಿವಿಗೆ ಸಂಬಂಧಿಸಿದ್ದು.

ಜಾನ್ ಬಿಗೆಲೋ 1817ನೆಯ ಇಸವಿ ನವೆಂಬರ್ 25ರಂದು ನ್ಯೂಯಾರ್ಕ್ ಸಂಸ್ಥಾನದ ಮಾಲ್ಡನ್ ಎಂಬ ಊರಿನಲ್ಲಿ ಹುಟ್ಟಿದನು. ಯೂನಿಯನ್ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿ, 1838ರಲ್ಲಿ ವಕೀಲನಾದನು. ಕೆಲವು ಕಾಲ ಸಿಂಗ್‌ಸಿಂಗ್ ಎಂಬ ಹೆಸರಾಂತ ಸೆರೆಮನೆಯ ತನಿಖಾಧಿಕಾರಿಯೂ ಆಗಿದ್ದನು. ವಕೀಲಿಯಲ್ಲಿ ಅವನು ಹೆಸರು ಗಳಿಸಿದಂತೆ ಕಾಣುವುದಿಲ್ಲ; ಅದರ ಮೇಲೆ ಅವನಿಗೆ ಮನಸ್ಸೂ ಇದ್ದಂತಿಲ್ಲ.

ನ್ಯೂಯಾರ್ಕಿನಲ್ಲಿ 'ಈವ್ನಿಂಗ್ ಪೋಸ್ಟ್' ಎಂಬ ಪತ್ರಿಕೆಯನ್ನು 1801ರಲ್ಲಿ ಸ್ಥಾಪಿಸಿದವನು ಅಲೆಗ್ಸಾಂಡರ್ ಹ್ಯಾಮಿಲ್ಟನ್. ಆ ಹೊತ್ತಿಗೆ ಅದರ ಸಂಪಾದಕನಾಗಿದ್ದವನು ಕವಿಯೆಂದು ಕೀರ್ತಿವಂತನಾದ ವಿಲಿಯಂ ಕಲೆನ್ ಬ್ರಯಂಟ್. 1848ರ ಕೊನೆಯಲ್ಲಿ ಬಿಗೆಲೋ ಅದರಲ್ಲಿ ಪಾಲುದಾರನಾಗಿಯೂ ಸಹ ಸಂಪಾದಕನಾಗಿಯೂ ಸೇರಿದನು. ಹಿರಿಯನು ಕವಿ, ಕಿರಿಯನು ವಕೀಲ. ಇಬ್ಬರಿಗೂ ಸಮಾನವಾಗಿದ್ದದ್ದು ಗುಲಾಮಗಿರಿಯ ಮೇಲಣ ಅಸಹ್ಯ.

ಈಗ ಈ ಮಾತು ಸುಲಭವಾಗಿ ಕೇಳಿಸುತ್ತದೆ. ಆಗ ಅದು ಸುಲಭವಾಗಿರಲಿಲ್ಲ. ನ್ಯೂಯಾರ್ಕಿನ ವರ್ತಕರ ಐಶ್ವರ್ಯವು ದಕ್ಷಿಣದ ಹತ್ತಿಯೊಡನೆ ಹೆಣೆದುಕೊಂಡಿತ್ತು. ಹತ್ತಿಯನ್ನು ಬಿಡಿಸುತ್ತಿದ್ದ ಕೈ ಗುಲಾಮನದಾದರೂ, ಅದನ್ನು ಸಾಗಿಸಿದ ಹಡಗು, ಸಾಲ ಕೊಟ್ಟ ಬ್ಯಾಂಕು ಇವು ನ್ಯೂಯಾರ್ಕಿನವು. ಪತ್ರಿಕೆಗೆ ಜಾಹೀರಾತು ಕೊಡತಕ್ಕವರೂ ಆ ವರ್ತಕರೇ. ಮೇಲಾಗಿ ಬ್ರಯಂಟನೂ ಬಿಗೆಲೋವೂ ಡೆಮೊಕ್ರಾಟಿಕ್ ಪಕ್ಷದವರು. ಆ ಪಕ್ಷದ ಬಲವೆಲ್ಲ ದಕ್ಷಿಣದಲ್ಲಿ. ಹೊಸ ಪ್ರಾಂತಗಳಿಗೆ ಗುಲಾಮಗಿರಿಯು ಹಬ್ಬಕೂಡದೆಂದು ಈ ಪತ್ರಿಕೆಯು ಹಟ ಹಿಡಿಯಿತು. ಕಡೆಗೆ 1856ರಲ್ಲಿ ಇವರು ತಮ್ಮ ಹಳೆಯ ಪಕ್ಷವನ್ನೇ ಬಿಟ್ಟು, ಹೊಸದಾಗಿ ಹುಟ್ಟಿದ್ದ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾದ ಫ್ರೆಮಾಂಟನನ್ನು ಬೆಂಬಲಿಸಿದರು. ಅವನ ಜೀವನಚರಿತ್ರೆಯನ್ನು ಬಿಗೆಲೋವೇ ಬರೆದನು. ಫ್ರೆಮಾಂಟನು ಸೋತನು.

ಬಿಗೆಲೋವಿನ ಪತ್ರಿಕಾಧರ್ಮವು ಎಂತಹುದೆಂಬುದನ್ನು ತಿಳಿಯಬೇಕಾದರೆ ಅವನು ಜಮೈಕಾ ದ್ವೀಪಕ್ಕೆ ಹೋಗಿ ಬಂದ ವೃತ್ತಾಂತವನ್ನು ನೋಡಬೇಕು. ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1834ರಲ್ಲಿ ರದ್ದುಗೊಳಿಸಿದ್ದರು. ಅನಂತರ ಜಮೈಕಾದ ಸಕ್ಕರೆಯ ತೋಟಗಳು ಪಾಳುಬಿದ್ದುವು. ಇದನ್ನು ಹಿಡಿದು ಅಮೆರಿಕದ ಗುಲಾಮರ ಒಡೆಯರು, 'ನೋಡಿರಿ, ಬಿಡುಗಡೆ ಮಾಡಿದರೆ ಆಗುವುದು ಇದೇ. ಕರಿಯನು ದುಡಿಯಲಾರ, ದೇಶವು ಹಾಳಾಗುವುದು' ಎಂದು ಸಾರುತ್ತಿದ್ದರು. ಇದಕ್ಕೆ ಉತ್ತರವಾಗಿ ಮೇಜಿನ ಮುಂದೆ ಕುಳಿತು ಧರ್ಮಬೋಧೆಯನ್ನು ಬರೆಯಬಹುದಾಗಿತ್ತು. ಆ ಕಾಲದ ಅನೇಕರು ಹಾಗೆಯೇ ಬರೆದರು. ಬಿಗೆಲೋ 1850ರ ಆರಂಭದಲ್ಲಿ ಹಡಗು ಹತ್ತಿ ಜಮೈಕಾಕ್ಕೆ ಹೋದನು. ತೋಟಗಳನ್ನು ನೋಡಿದನು, ಕೂಲಿಯ ದರವನ್ನು ವಿಚಾರಿಸಿದನು, ಆಸ್ತಿಗಳ ಮೇಲಿನ ಸಾಲವನ್ನು ಕೇಳಿ ತಿಳಿದನು. ಅವನು ಕಂಡದ್ದೇನೆಂದರೆ, ತೋಟಗಳ ಒಡೆಯರಲ್ಲಿ ಬಹುಮಂದಿ ಇಂಗ್ಲೆಂಡಿನಲ್ಲಿ ಕುಳಿತು ಗುಮಾಸ್ತರ ಮೂಲಕ ವ್ಯವಸಾಯ ಮಾಡಿಸತಕ್ಕವರು. ಆಸ್ತಿಗಳು ಬಿಡುಗಡೆಗೆ ಮೊದಲೇ ಸಾಲದಲ್ಲಿ ಮುಳುಗಿದ್ದುವು. ಸಲಕರಣೆಗಳು ಓಬೀರಾಯನ ಕಾಲದವು. ದುಡಿಮೆಯೆಂದರೆ ಗುಲಾಮನ ಪಾಲಿನದೆಂದು ಬಿಳಿಯರು ಕೈಕಟ್ಟಿ ಕುಳಿತಿದ್ದರು. ಸೋಮಾರಿಗಳೆಂದು ನಿಂದಿತರಾದ ಕರಿಯರಾದರೋ, ಕಾಸಿಗೆ ಕಾಸು ಕೂಡಿಸಿ ತುಂಡು ತುಂಡು ನೆಲವನ್ನು ಕೊಂಡು, ಸ್ವಂತ ಬೆಳೆಯನ್ನು ತೆಗೆಯುತ್ತಿದ್ದರು. ತನ್ನ ಹೊಲವಿದ್ದವನು ಅನ್ಯರ ತೋಟಕ್ಕೆ ಅಗ್ಗದ ಕೂಲಿಗೆ ಏತಕ್ಕೆ ಹೋಗಬೇಕು? ಇದನ್ನೆಲ್ಲ ಅವನು ಮೊದಲು ಪತ್ರಿಕೆಗೆ ಲೇಖನಗಳಾಗಿ ಬರೆದು, 1851ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಕೆಲವು ವಾರಗಳ ಪ್ರವಾಸಿಗೆ ಎಲ್ಲವೂ ತಿಳಿಯುವುದಿಲ್ಲವೆಂಬ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಆದರೂ ಎದುರಾಳಿಯ ವಾದವನ್ನು ಅವನ ಅಂಗಳದಲ್ಲಿಯೇ ನಿಂತು ಲೆಕ್ಕ ಹಾಕಿ ನೋಡಿದ ಸಂಪಾದಕರು ಎಷ್ಟು ಮಂದಿ?

1861ರ ಏಪ್ರಿಲ್ ತಿಂಗಳಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅಂತರ್ಯುದ್ಧವು ಹೊತ್ತಿಕೊಂಡಿತು. ಬಿಗೆಲೋ ಪತ್ರಿಕೆಯಲ್ಲಿದ್ದ ತನ್ನ ಪಾಲನ್ನು ಮಾರಿ ವಿಶ್ರಾಂತನಾಗಬೇಕೆಂದಿದ್ದನು. ಅಧ್ಯಕ್ಷ ಲಿಂಕನ್ನನ ಸರ್ಕಾರವು ಅವನನ್ನು ಪ್ಯಾರಿಸ್ಸಿಗೆ ಕಾನ್ಸಲನ್ನಾಗಿ ಕಳುಹಿಸಿತು. ರಾಯಭಾರಿಯಾಗಿದ್ದವನು ಡೇಟನ್ ಎಂಬ ಸಭ್ಯ ಗೃಹಸ್ಥ. ಅವನಿಗೆ ಫ್ರೆಂಚ್ ಭಾಷೆ ಬಾರದು. ಯೂರೋಪಿನ ಪತ್ರಿಕೆಗಳು ಏನು ಬರೆಯುತ್ತವೆ, ಯಾರ ಹಣದಿಂದ ಬರೆಯುತ್ತವೆ ಎಂಬುದನ್ನು ಅರಿತ ಒಬ್ಬನು ಅಲ್ಲಿ ಬೇಕಾಗಿತ್ತು.

ಅವನು ಹೋದ ಕೆಲವು ತಿಂಗಳಲ್ಲಿಯೇ ಗಂಡಾಂತರವೊಂದು ಬಂತು. ನವೆಂಬರ್ 8ರಂದು ಅಮೆರಿಕದ ಯುದ್ಧನೌಕೆಯೊಂದು 'ಟ್ರೆಂಟ್' ಎಂಬ ಬ್ರಿಟಿಷ್ ಟಪಾಲು ಹಡಗನ್ನು ನಡುಗಡಲಲ್ಲಿ ತಡೆದು, ಅದರಲ್ಲಿದ್ದ ಮೇಸನ್, ಸ್ಲೈಡೆಲ್ ಎಂಬ ದಕ್ಷಿಣದ ಇಬ್ಬರು ದೂತರನ್ನು ಸೆರೆಹಿಡಿಯಿತು. ಇಂಗ್ಲೆಂಡು ಕೆರಳಿ ಕೆನಡಾಕ್ಕೆ ಸೈನ್ಯವನ್ನು ಕಳುಹಿಸಲು ಮೊದಲುಮಾಡಿತು. ಆಗ ಅಮೆರಿಕದ ವೃದ್ಧ ಸೇನಾನಿ ವಿನ್‌ಫೀಲ್ಡ್ ಸ್ಕಾಟ್ ಪ್ಯಾರಿಸ್ಸಿನಲ್ಲಿದ್ದನು. ಬಿಗೆಲೋ ಒಂದು ಪತ್ರವನ್ನು ರಚಿಸಿ ಅದಕ್ಕೆ ಸ್ಕಾಟನ ಸಹಿಯನ್ನು ಪಡೆದು ಪತ್ರಿಕೆಗಳಿಗೆ ಕೊಟ್ಟನು. ಅಮೆರಿಕಕ್ಕೆ ಇಂಗ್ಲೆಂಡಿನೊಡನೆ ಕಾದುವ ಇಚ್ಛೆಯಿಲ್ಲ. ತಟಸ್ಥರ ಹಡಗುಗಳನ್ನು ತಡೆಯಬಾರದೆಂಬುದು ಬಹು ಕಾಲದಿಂದ ಅಮೆರಿಕವೇ ಹೇಳುತ್ತ ಬಂದ ನ್ಯಾಯ. ಇಂಗ್ಲೆಂಡೂ ಆ ನ್ಯಾಯವನ್ನು ಒಪ್ಪುವುದಾದರೆ ಆ ಇಬ್ಬರನ್ನು ಬಿಡಲು ಏನು ಅಡ್ಡಿ? ಪತ್ರದ ಸಾರವು ಇಷ್ಟು. ಹೆಸರು ಸೇನಾಪತಿಯದು, ಲೇಖನಿ ಸಂಪಾದಕನದು. ಯೂರೋಪಿನಲ್ಲಿ ಕಾವು ಸ್ವಲ್ಪ ತಗ್ಗಿತು. ಸೆರೆಯಾದವರು 1862ರ ಆದಿಯಲ್ಲಿ ಬಿಡುಗಡೆ ಹೊಂದಿದರು. ಯುದ್ಧವು ತಪ್ಪಿದ್ದು ಈ ಒಂದು ಪತ್ರದಿಂದಲೇ ಎಂದು ನಾವು ಹೇಳುವುದಿಲ್ಲ.

ಉತ್ತರದವರು ದಕ್ಷಿಣದ ಬಂದರುಗಳಿಗೆಲ್ಲ ನೌಕೆಗಳ ಮುತ್ತಿಗೆಯನ್ನು ಹಾಕಿದ್ದರು. ಇದರ ಬಿಸಿಯು ನಮ್ಮ ನಾಡಿಗೂ ತಟ್ಟಿತು. ಅಮೆರಿಕದ ಹತ್ತಿಯು ನಿಂತುಹೋದ್ದರಿಂದ ಲ್ಯಾಂಕಷೈರಿನ ಗಿರಣಿಗಳು ಹಿಂದೂಸ್ಥಾನದ ಅರಳೆಗೆ ಕೈಚಾಚಿ, ಧಾರವಾಡ ಸೀಮೆಯಲ್ಲಿ ಹತ್ತಿಯ ಬೆಲೆಯು ಆಕಾಶಕ್ಕೇರಿತು. ಯುದ್ಧ ಮುಗಿದ 1865ರಲ್ಲಿ ಅಷ್ಟೇ ವೇಗವಾಗಿ ಕುಸಿಯಿತು. ಈ ಮುತ್ತಿಗೆಯನ್ನು ಮುರಿಯಬಲ್ಲ ಹಡಗುಗಳನ್ನು ದಕ್ಷಿಣದವರು ಯೂರೋಪಿನಲ್ಲಿ ಗುಟ್ಟಾಗಿ ಕಟ್ಟಿಸತೊಡಗಿದ್ದರು. 1863ರಲ್ಲಿ ಅವರ ಕಾರ್ಯಕರ್ತನಾದ ಬುಲಕ್ ಎಂಬಾತನು ಬೋರ್ಡೋ ನಗರದ ಆರ್ಮಾನ್ ಎಂಬ ಹಡಗುಗಾರನೊಡನೆ ಒಪ್ಪಂದ ಮಾಡಿಕೊಂಡನು. ನಾಲ್ಕು ಯುದ್ಧನೌಕೆಗಳು, ಅವುಗಳಲ್ಲಿ ಎರಡು ಬೋರ್ಡೋವಿನಲ್ಲಿ, ಎರಡು ನಾಂತ್ ನಗರದಲ್ಲಿ. ಇವಲ್ಲದೆ ಕಬ್ಬಿಣದ ಕವಚವುಳ್ಳ ಎರಡು ಡಿಕ್ಕಿನೌಕೆಗಳು. ಚೀನಾ ಸಮುದ್ರದಲ್ಲಿ ವ್ಯಾಪಾರ ಮಾಡತಕ್ಕ ಹಡಗುಗಳಿವು, ಕಡಲುಗಳ್ಳರ ಭಯದಿಂದ ಫಿರಂಗಿ ಬೇಕು ಎಂದು ಹೇಳಿ ಸರ್ಕಾರದ ಅಪ್ಪಣೆಯನ್ನೂ ಪಡೆದಿದ್ದರು. ಮೂರನೆಯ ನೆಪೋಲಿಯನ್ ಚಕ್ರವರ್ತಿಗೆ ಒಳಗೊಳಗೇ ದಕ್ಷಿಣದ ಮೇಲೆ ಒಲವು. ಮೆಕ್ಸಿಕೋ ದೇಶದಲ್ಲಿ ಅವನ ಸೈನ್ಯವಿತ್ತು, ಅಮೆರಿಕವು ಎರಡಾಗಿ ಒಡೆದರೆ ಅವನಿಗೆ ಅನುಕೂಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಒಬ್ಬ ಅಪರಿಚಿತನು ಬಿಗೆಲೋವಿನ ಕಛೇರಿಗೆ ಬಂದನು. ನಾಂತಿನ ಎರಕದ ಕಾರ್ಖಾನೆಯ ಒಡೆಯ ವೊರೂಸನ ಕಾಗದಪತ್ರಗಳು ಅವನ ಬಳಿ ಇದ್ದುವು. ಹಡಗುಗಳು ಯಾರಿಗಾಗಿ, ಹಣ ಯಾರದು, ಫಿರಂಗಿಗಳೆಷ್ಟು, ಎಲ್ಲವೂ ಅವುಗಳಲ್ಲಿ ಲಿಖಿತವಾಗಿತ್ತು. ಅವನು ಧರ್ಮಾರ್ಥವಾಗಿ ಬಂದವನಲ್ಲ. ಕಾರ್ಯವು ಕೈಗೂಡಿದರೆ ಹಣ ಕೊಡಬೇಕೆಂದನು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನೀತಿವಂತನೆಂದು ನಾವು ಕೊಂಡಾಡುತ್ತಿರುವ ಮನುಷ್ಯನು, ಯಜಮಾನನಿಗೆ ತಿಳಿಯದಂತೆ ತಂದ ಕಾಗದಗಳನ್ನು ಹಣಕ್ಕೆ ಕೊಂಡನು. ಕೌಟಿಲ್ಯನಾದರೆ ಇದರಲ್ಲಿ ದೋಷವನ್ನೇ ಕಾಣುತ್ತಿರಲಿಲ್ಲ. ಗೂಢಚಾರರಿಂದ ವರ್ತಮಾನವನ್ನು ಸಂಗ್ರಹಿಸುವುದು ದೂತನ ಕರ್ತವ್ಯವೆಂದೇ ಅವನ ಮತ. ಆದರೆ ಬಿಗೆಲೋವನ್ನು ಅವನದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯ. ಕಳವಿನ ಪತ್ರವು ಕಳವಿನ ಪತ್ರವೇ; ಶತ್ರುವಿನ ಕಡೆಯಿಂದ ಬಂದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಎರಡು ಸಂಗತಿಗಳು ಮಾತ್ರ ಅವನ ಪರವಾಗಿವೆ. ಕಾಗದಗಳು ಹೇಳಿದ್ದು ಸತ್ಯ; ಫ್ರಾನ್ಸು ಸಾರಿದ್ದ ತಟಸ್ಥನೀತಿಯನ್ನು ಸುಳ್ಳು ಹೇಳಿ ಮುರಿದವರು ಹಡಗುಗಾರರೇ ಹೊರತು ಅವನಲ್ಲ. ಎರಡನೆಯದು, ತಾನು ಕೊಂಡದ್ದನ್ನು ಅವನು ಮುಚ್ಚಿಡಲಿಲ್ಲ. 1888ರಲ್ಲಿ ಈ ಪ್ರಕರಣವನ್ನೇ ಒಂದು ಗ್ರಂಥವಾಗಿ ಬರೆದು, ಬಂದವನ ಬೇಡಿಕೆಯನ್ನೂ ತನ್ನ ಒಪ್ಪಿಗೆಯನ್ನೂ ತಾನೇ ಜಗತ್ತಿನ ಮುಂದಿಟ್ಟನು. ಪೂರ್ಣವಾದ ಸಮರ್ಥನೆಯು ಇದಲ್ಲ. ಆದರೆ ರಾಜಕಾರ್ಯದಲ್ಲಿ ಇಷ್ಟನ್ನು ಕಾಣುವುದೂ ಅಪರೂಪ.

ಡೇಟನ್ ಆ ಪತ್ರಗಳನ್ನು ವಿದೇಶಾಂಗ ಸಚಿವನ ಮುಂದಿಟ್ಟನು. ಅಕ್ಟೋಬರಿನಲ್ಲಿ ಫಿರಂಗಿಗಳ ಅಪ್ಪಣೆಯು ರದ್ದಾಯಿತು. ಹಡಗುಗಳ ಕೆಲಸವು ಆಮೇಲೂ ನಡೆದು, ಪ್ರತಿಭಟನೆಗಳು ಮುಂದುವರಿದು, 1864ರಲ್ಲಿ ಅವುಗಳನ್ನು ಅನ್ಯರಿಗೆ ಮಾರಬೇಕಾಯಿತು. ಪ್ರಷ್ಯಾ, ಪೆರು ದೇಶಗಳ ಪಾಲಿಗೆ ಹೋದುವು. ಡೆನ್ಮಾರ್ಕಿಗೆ ಹೋದ ಒಂದು ಡಿಕ್ಕಿನೌಕೆಯು ಮಾತ್ರ ಅಲ್ಲಿ ತಿರಸ್ಕೃತವಾಗಿ, ಸುತ್ತಿ ಬಳಸಿ ದಕ್ಷಿಣದವರ ಕೈಯನ್ನೇ ಸೇರಿ, 'ಸ್ಟೋನ್‌ವಾಲ್' ಎಂಬ ಹೆಸರನ್ನು ಧರಿಸಿ ಹವಾನಾ ಬಂದರನ್ನು ಮುಟ್ಟಿತು. ಆಗ 1865ರ ಮೇ ತಿಂಗಳು, ಯುದ್ಧವೇ ಮುಗಿದುಹೋಗಿತ್ತು. ಆ ಹಡಗು ಕೊನೆಗೆ ಜಪಾನಿಗೆ ಮಾರಾಟವಾಯಿತು.

1864ರ ಡಿಸೆಂಬರಿನಲ್ಲಿ ಡೇಟನ್ ಹಠಾತ್ತಾಗಿ ತೀರಿಕೊಂಡ ಮೇಲೆ ಬಿಗೆಲೋವಿಗೇ ರಾಯಭಾರಿಯ ಪದವಿ ಬಂತು. ಮೆಕ್ಸಿಕೋವಿನಿಂದ ಫ್ರೆಂಚ್ ಸೈನ್ಯವು ಮಾನಭಂಗವಿಲ್ಲದೆ ಹಿಂದಿರುಗುವಂತೆ ಮಾಡುವುದು ಅವನ ಮುಖ್ಯ ಕಾರ್ಯವಾಯಿತು. ಚಕ್ರವರ್ತಿಯನ್ನು ಮೂಲೆಗೆ ನೂಕದೆ ಮಾತನಾಡಿದ್ದರಿಂದ ಅದು ಯುದ್ಧವಿಲ್ಲದೆ ಕೈಗೂಡಿತೆಂದು ಹೇಳಬಹುದು. 1866ರ ಕೊನೆಗೆ ಅವನು ಪದವಿಯನ್ನು ಬಿಟ್ಟನು.

ಹೊರಡುವ ಮೊದಲು ಮತ್ತೊಂದು ವಸ್ತುವನ್ನು ಕೊಳ್ಳುವ ಏರ್ಪಾಡು ಮಾಡಿದನು. ಗಾಳಿಪಟವನ್ನು ಹಾರಿಸಿ ಮಿಂಚನ್ನು ಪರೀಕ್ಷಿಸಿದ ಬೆಂಜಮಿನ್ ಫ್ರಾಂಕ್ಲಿನ್ನನನ್ನು ನಮ್ಮ ಶ್ರೋತೃಗಳೆಲ್ಲರೂ ಬಲ್ಲರು. ಅವನೂ ಮುದ್ರಕ, ಪತ್ರಿಕಾಕರ್ತ, ತರುವಾಯ ಪ್ಯಾರಿಸ್ಸಿನಲ್ಲಿ ರಾಯಭಾರಿ. ಅವನು ಸ್ವಹಸ್ತದಿಂದ ಬರೆದ ಆತ್ಮಕಥೆಯ ಮೂಲಪ್ರತಿಯು ಫ್ರಾನ್ಸಿನ ಒಂದು ಮನೆತನದಲ್ಲಿ ಉಳಿದಿತ್ತು. ಫ್ರಾಂಕ್ಲಿನ್ನನ ಮೊಮ್ಮಗನು ಅಚ್ಚಿಗೆ ಅಂದವಾದ ನಕಲು ಬೇಕೆಂದು, ಅಜ್ಜನ ಕೈಬರಹವನ್ನೇ ಅವರಿಗೆ ಕೊಟ್ಟು ಅವರ ನಕಲನ್ನು ತೆಗೆದುಕೊಂಡಿದ್ದನಂತೆ! ಮಿತ್ರರ ಮೂಲಕ ಹುಡುಕಿಸಿ, 25,000 ಫ್ರಾಂಕುಗಳನ್ನು ತೆತ್ತು, 1867ರಲ್ಲಿ ಬಿಗೆಲೋ ಅದನ್ನು ಪಡೆದನು. ಅಚ್ಚಾದ ಪುಸ್ತಕದೊಡನೆ ಹೋಲಿಸಿ ನೋಡಲು, 1,200ಕ್ಕೂ ಹೆಚ್ಚು ಕಡೆ ಪಾಠವು ಬದಲಾಗಿತ್ತು. ಕೊನೆಯ ಕೆಲವು ಪುಟಗಳು ಇರಲೇ ಇಲ್ಲ. ಫ್ರಾಂಕ್ಲಿನ್ನನ ಒರಟಾದ, ಜೀವಂತವಾದ ಮಾತುಗಳನ್ನು ಯಾರೋ ಸಭೆಗೆ ತಕ್ಕಂತೆ ನಯಮಾಡಿದ್ದರು. 1868ರಲ್ಲಿ ಬಿಗೆಲೋ ಮೂಲವನ್ನು ಇದ್ದಂತೆ ಅಚ್ಚುಹಾಕಿಸಿದನು. ಪಾಠಶುದ್ಧಿಗಾಗಿ ತಾಳೆಗರಿಗಳನ್ನು ತಿಕ್ಕಿ ಓದಿದ ವಿದ್ವಾಂಸರ ನಾಡಿನವರಾದ ನಮಗೆ ಈ ಶ್ರಮದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆಮೇಲಿನ ರಾಜಕೀಯ ಜೀವನವನ್ನು ಬೆಳೆಸಿ ಹೇಳುವುದು ಅನಗತ್ಯ. ತನ್ನ ಸ್ನೇಹಿತ ಸ್ಯಾಮ್ಯುಯಲ್ ಟಿಲ್ಡನ್ ನ್ಯೂಯಾರ್ಕಿನ ಗವರ್ನರಾಗಿದ್ದಾಗ ಕಾಲುವೆಗಳ ಕಂಟ್ರಾಕ್ಟಿನಲ್ಲಿ ನಡೆದ ಮೋಸವನ್ನು ತನಿಖೆ ಮಾಡಿದನು. ಆ ಸಂಸ್ಥಾನದ ಕಾರ್ಯದರ್ಶಿಯೂ ಆದನು. 1876ರ ಚುನಾವಣೆಯಲ್ಲಿ ಟಿಲ್ಡನ್ನನಿಗೆ ಜನರ ಮತಗಳು ಹೆಚ್ಚು ಬಂದರೂ, 185ಕ್ಕೆ 184 ಎಂದು ಒಂದೇ ಒಂದು ಮತದಿಂದ ಅಧ್ಯಕ್ಷಪದವಿ ತಪ್ಪಿತು.

ಟಿಲ್ಡನ್ 1886ರಲ್ಲಿ ಮಡಿದಾಗ ತನ್ನ ಸಂಪತ್ತಿನ ಬಹುಭಾಗವನ್ನು ನ್ಯೂಯಾರ್ಕಿನಲ್ಲಿ ಸಾರ್ವಜನಿಕ ಪುಸ್ತಕಭಂಡಾರಕ್ಕಾಗಿ ಬಿಟ್ಟಿದ್ದನು. ಉಯಿಲನ್ನು ನಡೆಸತಕ್ಕವರಲ್ಲಿ ಬಿಗೆಲೋ ಒಬ್ಬ. ಜ್ಞಾತಿಗಳು ನ್ಯಾಯಸ್ಥಾನಕ್ಕೆ ಹೋದರು. 1891ರಲ್ಲಿ ಆ ಭಾಗವು ಅಸಿಂಧುವೆಂದು ತೀರ್ಪಾಯಿತು. ವಾರಸುದಾರಳೊಬ್ಬಳೊಡನೆ ಮಾಡಿಕೊಂಡ ರಾಜಿಯಿಂದ ಸುಮಾರು 20 ಲಕ್ಷ ಡಾಲರುಗಳಷ್ಟು ಮಾತ್ರ ಉಳಿಯಿತು. ಕಟ್ಟಡಕ್ಕೂ ಗ್ರಂಥಗಳಿಗೂ ಇದು ಸಾಲದು. ಬಿಗೆಲೋ ಸುಮ್ಮನಿರಲಿಲ್ಲ. ಮರುವರ್ಷವೇ ಮಾಸಪತ್ರಿಕೆಯೊಂದರಲ್ಲಿ ಲೇಖನವನ್ನು ಬರೆದು, ಭಂಡಾರವು ಎಲ್ಲಿರಬೇಕು, ಹೇಗಿರಬೇಕೆಂದು ಪಟ್ಟಣಿಗರ ಮುಂದೆ ಚಿತ್ರಿಸಿದನು. ಉಪಯೋಗವಿಲ್ಲದೆ ನಿಂತಿದ್ದ ಹಳೆಯ ಕ್ರೋಟನ್ ನೀರಿನ ಕಟ್ಟೆಯ ಸ್ಥಳವನ್ನೂ ಸೂಚಿಸಿದನು. 1895ರ ಮೇ 23ರಂದು ಆಸ್ಟರ್, ಲೆನಾಕ್ಸ್ ಎಂಬ ಎರಡು ಹಳೆಯ ಪುಸ್ತಕಾಲಯಗಳೊಡನೆ ಟಿಲ್ಡನ್ನನ ನಿಧಿಯು ಕೂಡಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯು ಹುಟ್ಟಿತು. ಅದರ ಮೊದಲನೆಯ ಅಧ್ಯಕ್ಷನು ಬಿಗೆಲೋ. ಆಗ ವಯಸ್ಸು 77.

ಅದೇ ಕ್ರೋಟನ್ ಕಟ್ಟೆಯ ಸ್ಥಳದಲ್ಲಿ ಅಮೃತಶಿಲೆಯ ಸೌಧವು ಎದ್ದು, 1911ರ ಮೇ 23ರಂದು ಅಧ್ಯಕ್ಷ ಟ್ಯಾಫ್ಟನ ಸಮಕ್ಷಮದಲ್ಲಿ ತೆರೆಯಲ್ಪಟ್ಟಿತು. ಮಾರನೆಯ ದಿನ ಜನರಿಗೆ ಪ್ರವೇಶ. ಬೆಳಿಗ್ಗೆ 9 ಗಂಟೆ 8 ನಿಮಿಷಕ್ಕೆ ಒಬ್ಬ ಓದುಗನು ಚೀಟಿಯನ್ನು ಕೊಟ್ಟನು. ಕೇಳಿದ್ದು ನೀಟ್ಷೆ, ಟಾಲ್‌ಸ್ಟಾಯ್ ಇವರ ನೀತಿವಿಚಾರಗಳನ್ನು ಕುರಿತ ಒಂದು ರಷ್ಯನ್ ಗ್ರಂಥ. ಆರು ನಿಮಿಷಗಳಲ್ಲಿ ಪುಸ್ತಕವು ಅವನ ಕೈಗೆ ಬಂತು. ಅದೇ ವರ್ಷದ ಡಿಸೆಂಬರ್ 19ರಂದು, 94ನೆಯ ವಯಸ್ಸಿನಲ್ಲಿ, ಅಧ್ಯಕ್ಷಸ್ಥಾನದಲ್ಲಿದ್ದಂತೆಯೇ ಬಿಗೆಲೋ ತೀರಿಕೊಂಡನು.