ಹಾಲೆ ಮರದ ತೊಗಟೆಯ ಕಷಾಯ ಮತ್ತು ಆಯುಷ್-64: ಉಪಯೋಗ, ಸಂಶೋಧನೆ ಹಾಗೂ ಮುನ್ನೆಚ್ಚರಿಕೆ

ಪೀಠಿಕೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯವನ್ನು ಸೇವಿಸುವ ಸಂಪ್ರದಾಯವು ಬಹುಕಾಲದಿಂದ ನಡೆದುಬಂದಿರುತ್ತದೆ. ಇದೇ ತೊಗಟೆಯು ಆಯುಷ್-64 ಎಂಬ ಆಯುರ್ವೇದ ಮಾತ್ರೆಯ ಒಂದು ಘಟಕವೂ ಆಗಿದೆ. ಮಂಗಳೂರು ನಗರವು ಮಲೇರಿಯಾ ಬಾಧಿತ ಪ್ರದೇಶವಾಗಿರುವುದರಿಂದ, ಈ ಕಷಾಯವನ್ನಾಗಲಿ ಮಾತ್ರೆಯನ್ನಾಗಲಿ ಮಲೇರಿಯಾ ಚಿಕಿತ್ಸೆಗೆ ಬದಲಾಗಿ ಬಳಸಬಹುದೇ ಎಂಬ ಪ್ರಶ್ನೆಯು ಸಾರ್ವಜನಿಕರಲ್ಲಿ ಉದ್ಭವಿಸುವುದು ಸಹಜ. ಬಳಸಬಾರದು ಎಂಬುದೇ ಇದಕ್ಕೆ ಉತ್ತರ. ಅದರ ಕಾರಣಗಳನ್ನೂ, ಕಷಾಯ ತಯಾರಿಸುವವರು ಪಾಲಿಸತಕ್ಕ ಮುನ್ನೆಚ್ಚರಿಕೆಗಳನ್ನೂ, ಜ್ವರ ಬಂದಾಗ ದೊರೆಯುವ ಉಚಿತ ಸೇವೆಗಳನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

1. ಮರದ ಪರಿಚಯ

ಹಾಲೆ ಮರಕ್ಕೆ ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ, ಮಲಯಾಳದಲ್ಲಿ ಏಳಿಲಂಪಾಲ ಎಂಬ ಹೆಸರುಗಳಿವೆ. ಕನ್ನಡದಲ್ಲಿ ಏಳೆಲೆ ಹಾಲೆ, ಮದ್ದಾಲೆ ಎಂದೂ ಕರೆಯುವರು. ಇದರ ಸಸ್ಯಶಾಸ್ತ್ರೀಯ ಹೆಸರು ಆಲ್‌ಸ್ಟೋನಿಯಾ ಸ್ಕೋಲಾರಿಸ್. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದ ನಿತ್ಯಹರಿದ್ವರ್ಣದ ಮರವಾಗಿದೆ. ಇದರ ಹಲಗೆಯನ್ನು ಶಾಲೆಯ ಮಕ್ಕಳು ಬರೆಯುವ ಪಾಟಿಗಳಿಗೆ ಬಳಸುತ್ತಿದ್ದ ಕಾರಣ ಸ್ಕೋಲಾರಿಸ್ ಎಂಬ ಹೆಸರು ಬಂದಿದೆ. 1678 ರಿಂದ 1693 ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ, ಮಲಬಾರ್ ಕರಾವಳಿಯ ಸಸ್ಯಗಳನ್ನು ಕುರಿತ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಮರವು ಪಾಲ ಎಂಬ ಹೆಸರಿನಲ್ಲಿ ದಾಖಲಾಗಿದೆ.

2. ಸಾಂಪ್ರದಾಯಿಕ ಬಳಕೆ

ತುಳು ಸೌರಮಾನ ಪಂಚಾಂಗದ ನಾಲ್ಕನೆಯ ತಿಂಗಳಾದ ಆಟಿಯು ಜುಲೈ ಮಧ್ಯಭಾಗದಿಂದ ಆಗಸ್ಟ್ ಮಧ್ಯಭಾಗದವರೆಗೆ ಇರುತ್ತದೆ. ಆಟಿಯ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುಂಚೆ ಮನೆಯ ಪುರುಷರೊಬ್ಬರು ಮರದ ಬಳಿಗೆ ತೆರಳಿ, ಕಬ್ಬಿಣದ ಆಯುಧವನ್ನು ಬಳಸದೆ, ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತೆಗೆಯುವುದು ವಾಡಿಕೆ. ತೊಗಟೆಯನ್ನು ಅರೆದು ರಸ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಮುಂತಾದವುಗಳನ್ನು ಸೇರಿಸುವರು. ಕೆಲವು ಮನೆಗಳಲ್ಲಿ ಬಿಳಿಕಲ್ಲನ್ನು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕುವರು. ಮನೆಯವರೆಲ್ಲರೂ ಬರಿಹೊಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕುಡಿದು, ಬಳಿಕ ದೇಹಕ್ಕೆ ತಂಪೆಂದು ಮೆಂತೆಯ ಗಂಜಿಯನ್ನು ಉಣ್ಣುವರು.

ಮಳೆಗಾಲದ ರೋಗಗಳಿಂದ ವರ್ಷವಿಡೀ ರಕ್ಷಣೆ ದೊರೆಯುವುದೆಂಬುದು, ಆ ದಿನ ಎಲ್ಲ ಔಷಧೀಯ ಗುಣಗಳು ಈ ಮರದಲ್ಲಿ ನೆಲೆಸುವವೆಂಬುದು ಜನರ ನಂಬಿಕೆಯಾಗಿದೆ. ವರ್ಷಕ್ಕೊಮ್ಮೆ ಆಚರಿಸುವ ಈ ಸಂಪ್ರದಾಯವನ್ನು ಕೈಬಿಡಬೇಕೆಂಬುದು ಈ ಮಾಹಿತಿಯ ಉದ್ದೇಶವಲ್ಲ.

3. ಆಯುರ್ವೇದದಲ್ಲಿ ಸಪ್ತಪರ್ಣ ಮತ್ತು ಆಯುಷ್-64

ಆಯುರ್ವೇದದಲ್ಲಿ ಸಪ್ತಪರ್ಣದ ತೊಗಟೆಯನ್ನು ವಿಷಮಜ್ವರದಲ್ಲಿ, ಅಂದರೆ ಬಿಟ್ಟು ಬಿಟ್ಟು ಬರುವ ಜ್ವರದಲ್ಲಿ, ಬಳಸುವ ಪದ್ಧತಿ ಇದೆ. ಈ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರದ ಆಯುರ್ವೇದ ಸಂಶೋಧನಾ ಪರಿಷತ್ತು 1980 ರಲ್ಲಿ ಮಲೇರಿಯಾಕ್ಕಾಗಿ ಆಯುಷ್-64 ಎಂಬ ಔಷಧವನ್ನು ರೂಪಿಸಿತು. ಇದರ ಘಟಕಗಳು ಕೆಳಕಂಡಂತಿವೆ.

- ಹಾಲೆ ಮರದ ತೊಗಟೆಯ ಸಾರ: 1 ಭಾಗ
- ಕಟುಕರೋಹಿಣಿ ಬೇರಿನ ಸಾರ: 1 ಭಾಗ
- ಕಿರಾತಕಡ್ಡಿಯ ಸಾರ: 1 ಭಾಗ
- ಗಜ್ಜುಗದ ಬೀಜದ ಪುಡಿ: 2 ಭಾಗ

ಮನೆಯಲ್ಲಿ ಮಾಡುವ ಕಷಾಯ ಮತ್ತು ಆಯುಷ್-64 ಒಂದೇ ಅಲ್ಲವೆಂಬುದನ್ನು ಗಮನಿಸತಕ್ಕದ್ದು. ಮಾತ್ರೆಯಲ್ಲಿ ಪ್ರತಿಯೊಂದು ಘಟಕದ ಪ್ರಮಾಣವು ನಿಗದಿಯಾಗಿರುತ್ತದೆ. ಕಷಾಯದಲ್ಲಿ ಮರ, ಋತು ಮತ್ತು ತಯಾರಿಸುವ ಕ್ರಮಕ್ಕೆ ಅನುಗುಣವಾಗಿ ಸತ್ವವು ಬದಲಾಗುತ್ತದೆ.

4. ಸಂಶೋಧನೆಗಳಿಂದ ತಿಳಿದುಬಂದಿರುವ ಅಂಶಗಳು

(ಅ) ತೊಗಟೆಯ ಸಾರ: 1990 ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಲೇರಿಯಾ ತಗುಲಿಸಿದ ಇಲಿಗಳಿಗೆ ಹಾಲೆ ತೊಗಟೆಯ ಸಾರವನ್ನು ನೀಡಿ ಪರೀಕ್ಷಿಸಲಾಯಿತು. ಸಾರ ಪಡೆದ ಇಲಿಗಳು ಹೆಚ್ಚು ದಿನ ಬದುಕಿದವಾದರೂ, ಅವುಗಳ ರಕ್ತದಲ್ಲಿನ ರೋಗಾಣುಗಳು ನಾಶವಾಗಲಿಲ್ಲ.

(ಆ) ಆಯುಷ್-64: ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈವಾಕ್ಸ್ ಮಲೇರಿಯಾ ರೋಗಿಗಳಲ್ಲಿ ಆಯುಷ್-64 ಮತ್ತು ಕ್ಲೋರೋಕ್ವಿನ್ ಔಷಧಗಳನ್ನು ಹೋಲಿಸಿ ನಡೆಸಿದ ಅಧ್ಯಯನವು 2000 ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 28 ದಿನಗಳ ಅವಧಿಯ ಕೊನೆಯಲ್ಲಿ ಕ್ಲೋರೋಕ್ವಿನ್ ಪಡೆದವರೆಲ್ಲರೂ ಗುಣಮುಖರಾಗಿದ್ದರೆ, ಆಯುಷ್-64 ಪಡೆದವರಲ್ಲಿ ಗುಣಮುಖರಾದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಂದಿ. ಔಷಧಕ್ಕೆ ಸ್ವಲ್ಪ ಗುಣವಿದೆಯೆಂದು ಇದನ್ನು ಅರ್ಥೈಸಬಹುದಾದರೂ, ಸುಮಾರು ಇಬ್ಬರಲ್ಲಿ ಒಬ್ಬರಿಗೆ ರೋಗ ಉಳಿಯುವ ಚಿಕಿತ್ಸೆಯನ್ನು ಮಲೇರಿಯಾದಲ್ಲಿ ಅವಲಂಬಿಸುವಂತಿಲ್ಲ.

(ಇ) ಕೋವಿಡ್-19: ಏಪ್ರಿಲ್ 2021 ರಲ್ಲಿ ಕೇಂದ್ರ ಆಯುಷ್ ಸಚಿವಾಲಯವು ಸೌಮ್ಯ ಹಾಗೂ ಮಧ್ಯಮ ಸ್ವರೂಪದ ಕೋವಿಡ್-19 ರಲ್ಲಿ ನಿಗದಿತ ಚಿಕಿತ್ಸೆಯ ಜೊತೆಗೆ ಪೂರಕವಾಗಿ ಆಯುಷ್-64 ಉಪಯುಕ್ತವೆಂದು ಪ್ರಕಟಿಸಿತು. ಈ ಪ್ರಕಟಣೆಯು ಮಲೇರಿಯಾಕ್ಕೆ ಅನ್ವಯಿಸುವುದಿಲ್ಲ.

(ಈ) ಸುರಕ್ಷತೆ: ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಸಂಶೋಧಕರಾದ ಜಿ.ಸಿ. ಜಗೇಟಿಯಾ ಮತ್ತು ಎಂ.ಎಸ್. ಬಾಳಿಗ ಅವರು ಸಪ್ತಪರ್ಣದ ಸಾರವನ್ನು ಕುರಿತು ಪ್ರಾಣಿಗಳಲ್ಲಿ ನಡೆಸಿದ ಅಧ್ಯಯನಗಳು 2003 ಮತ್ತು 2004 ರಲ್ಲಿ ಪ್ರಕಟವಾಗಿವೆ. ಗರ್ಭಿಣಿ ಇಲಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ನೀಡಿದಾಗ ಭ್ರೂಣದ ಬೆಳವಣಿಗೆ ಕುಂಠಿತವಾಗಿ ಅಂಗವೈಕಲ್ಯಗಳು ಕಂಡುಬಂದವು. ಸಾರದ ವಿಷಗುಣವು ತೊಗಟೆಯನ್ನು ತೆಗೆದ ಋತುವನ್ನು ಅವಲಂಬಿಸಿದ್ದು, ಬೇಸಿಗೆಯಲ್ಲಿ ಹೆಚ್ಚಾಗಿಯೂ ಮಳೆಗಾಲದಲ್ಲಿ ಕಡಿಮೆಯಾಗಿಯೂ ಇದ್ದಿತು. ಆದುದರಿಂದ ಮಳೆಗಾಲದ ಒಂದು ದಿನಕ್ಕೆ ಸೀಮಿತವಾದ ಬಳಕೆಯನ್ನು ವರ್ಷದ ಇತರ ದಿನಗಳಿಗೆ ವಿಸ್ತರಿಸುವುದು ಸೂಕ್ತವಲ್ಲ.

5. ಚೀನಾ ದೇಶದ ಉದಾಹರಣೆ

ಗಿಡಮೂಲಿಕೆಯಿಂದ ಮಲೇರಿಯಾಕ್ಕೆ ಔಷಧ ದೊರೆಯಲಾರದೆಂದು ಇದರಿಂದ ತಿಳಿಯಬಾರದು. ಚೀನಾದಲ್ಲಿ 4ನೇ ಶತಮಾನದ ವೈದ್ಯ ಗೆ ಹಾಂಗ್ ಅವರ ಗ್ರಂಥದಲ್ಲಿ, ಚಿಂಗ್‌ಹಾವ್ ಎಂಬ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿದ ರಸವು ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಮದ್ದೆಂದು ಹೇಳಲಾಗಿದೆ. ಇಲ್ಲಿ ಕುದಿಸುವ ಸೂಚನೆ ಇಲ್ಲದಿರುವುದನ್ನು ವಿಜ್ಞಾನಿ ಟು ಯುಯು ಗಮನಿಸಿ, ಕಡಿಮೆ ಉಷ್ಣತೆಯಲ್ಲಿ ಸಾರ ತೆಗೆಯುವ ವಿಧಾನವನ್ನು ಅನುಸರಿಸಿದರು. 1972 ರಲ್ಲಿ ಆರ್ಟಿಮಿಸಿನಿನ್ ಎಂಬ ಶುದ್ಧ ವಸ್ತುವನ್ನು ಬೇರ್ಪಡಿಸಲಾಯಿತು. ಇದಕ್ಕಾಗಿ ಅವರಿಗೆ 2015 ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು.

ಹೀಗಿದ್ದರೂ, ಅದೇ ಗಿಡದ ಎಲೆಯ ಚಹಾವನ್ನು ಮಲೇರಿಯಾಕ್ಕೆ ಬಳಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು ಬೆಂಬಲಿಸುವುದಿಲ್ಲ. ಚಹಾದಲ್ಲಿ ಔಷಧಾಂಶವು ಸಾಲದೆ ರೋಗ ಉಳಿಯಬಹುದು, ಮಾತ್ರವಲ್ಲ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗಬಹುದು ಎಂಬುದೇ ಕಾರಣ. ಪ್ರಬಲ ಔಷಧವನ್ನು ನೀಡಿದ ಗಿಡಕ್ಕೇ ಈ ಮಾತು ಅನ್ವಯಿಸುವಾಗ, ಹಾಲೆ ಕಷಾಯಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

6. ಮರವನ್ನು ಗುರುತಿಸುವಲ್ಲಿ ಎಚ್ಚರಿಕೆ

ಕಷಾಯದಿಂದ ಒದಗಬಹುದಾದ ಅತಿ ದೊಡ್ಡ ಅಪಾಯವು ಹಾಲೆ ಮರದಿಂದಲ್ಲ, ಅದೆಂದು ಭಾವಿಸಿ ಬೇರೆ ಮರದ ತೊಗಟೆಯನ್ನು ತರುವುದರಿಂದ ಉಂಟಾಗುತ್ತದೆ. ನಸುಕಿನ ಕತ್ತಲೆಯಲ್ಲಿ ತಪ್ಪು ಮರದ ತೊಗಟೆ ತಂದು, ಕಷಾಯ ಕುಡಿದವರು ಅಸ್ವಸ್ಥರಾಗಿ ಆಸ್ಪತ್ರೆಗೆ ದಾಖಲಾದ ಪ್ರಕರಣಗಳು ಕರಾವಳಿಯಲ್ಲಿ ವರದಿಯಾಗಿವೆ. ಮುಖ್ಯವಾಗಿ ಕಾಸರಕ ಮರದ (ತುಳುವಿನಲ್ಲಿ ಕಾಯೆರ್) ತೊಗಟೆ ಮತ್ತು ಬೀಜಗಳಲ್ಲಿ ಸ್ಟ್ರಿಕ್ನಿನ್ ಎಂಬ ತೀವ್ರ ವಿಷವಿದೆ. ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ನಿಯಮಗಳು, 1945 ರ ವಿಷಕಾರಿ ಮೂಲಿಕೆಗಳ ಪಟ್ಟಿಯಲ್ಲಿ ಇದು ಸೇರಿದೆ.

ಹಾಲೆ ಮರದ ಲಕ್ಷಣಗಳು:
- ಒಂದೇ ಗಿಣ್ಣಿನ ಸುತ್ತ 4 ರಿಂದ 8 ಎಲೆಗಳು, ಹೆಚ್ಚಾಗಿ 7, ವೃತ್ತಾಕಾರದಲ್ಲಿರುತ್ತವೆ.
- ಎಲೆಯ ನಡುನರದಿಂದ ಅನೇಕ ಸಣ್ಣ ನರಗಳು ಸಮಾನಾಂತರವಾಗಿ ಹೊರಡುತ್ತವೆ.
- ಗಾಯ ಮಾಡಿದಲ್ಲಿ ಬಿಳಿ ಹಾಲು ಒಸರುತ್ತದೆ.
- ಕಾಯಿಗಳು ತೆಳ್ಳಗೆ, ಉದ್ದವಾಗಿ, ಜೋಡಿಯಾಗಿ ತೂಗುತ್ತವೆ.

ಕಾಸರಕ ಮರದ ಲಕ್ಷಣಗಳು:
- ಎಲೆಗಳು ಎದುರು ಬದುರಾಗಿ ಎರಡೆರಡು ಇರುತ್ತವೆ.
- ಹೊಳೆಯುವ ಎಲೆಯ ಬುಡದಿಂದಲೇ 3 ರಿಂದ 5 ನರಗಳು ಹೊರಡುತ್ತವೆ.
- ಹಾಲು ಬರುವುದಿಲ್ಲ.
- ಹಣ್ಣು ಕಿತ್ತಳೆ ಬಣ್ಣದ ಗುಂಡನೆಯದು, ಬೀಜ ಬಿಲ್ಲೆಯಂತೆ ಚಪ್ಪಟೆ.

ಹಳದಿ ಕಣಗಿಲೆಯಂತಹ ವಿಷದ ಗಿಡಗಳಲ್ಲಿಯೂ ಬಿಳಿ ಹಾಲು ಇರುವುದರಿಂದ, ಹಾಲನ್ನು ಮಾತ್ರ ನೋಡಿ ನಿರ್ಧರಿಸಬಾರದು. ಹಾಲೆ ಮತ್ತು ಕಾಸರಕ ಎರಡರ ತೊಗಟೆಯೂ ಕಹಿಯಾಗಿರುವುದರಿಂದ ರುಚಿಯೂ ಗುರುತಾಗದು. ಕುದಿಸುವುದರಿಂದ ಸ್ಟ್ರಿಕ್ನಿನ್ ನಾಶವಾಗುವುದಿಲ್ಲ. ಹಿಂದಿನ ದಿನ ಹಗಲಿನಲ್ಲಿಯೇ ಮರವನ್ನು ಬಲ್ಲವರೊಂದಿಗೆ ತೆರಳಿ, ಎಲೆಗಳನ್ನು ನೋಡಿ ಖಚಿತಪಡಿಸಿಕೊಂಡು, ಕಾಂಡಕ್ಕೆ ನೂಲು ಕಟ್ಟಿ ಗುರುತಿಡತಕ್ಕದ್ದು. ಕಾಂಡದ ಸುತ್ತಲೂ ತೊಗಟೆ ತೆಗೆದರೆ ಮರ ಸಾಯುವುದರಿಂದ, ಒಂದು ಪಾರ್ಶ್ವದಿಂದ ಮಾತ್ರ ಸ್ವಲ್ಪವೇ ತೆಗೆಯತಕ್ಕದ್ದು.

ಕಷಾಯ ಕುಡಿದ ಬಳಿಕ ಮೈ ಬಿಗಿತ, ದವಡೆ ಸೆಟೆಯುವಿಕೆ, ಸೆಳವು ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ಕೂಡಲೇ 108 ಆಂಬ್ಯುಲೆನ್ಸ್‌ಗೆ ಕರೆ ಮಾಡತಕ್ಕದ್ದು. ವಾಂತಿ ಮಾಡಿಸಬಾರದು. ರೋಗಿಯನ್ನು ಸದ್ದಿಲ್ಲದ ಸ್ಥಳದಲ್ಲಿರಿಸಿ, ಉಳಿದ ತೊಗಟೆಯನ್ನು ಆಸ್ಪತ್ರೆಗೆ ಕೊಂಡೊಯ್ಯತಕ್ಕದ್ದು. ಕುಡಿದ ಇತರರನ್ನೂ ಜೊತೆಯಲ್ಲಿಯೇ ಕರೆದೊಯ್ಯುವುದು ಅಗತ್ಯ.

7. ಕಷಾಯ ಸೇವಿಸಬಾರದವರು

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ಸೇವಿಸದಿರುವುದು ಸೂಕ್ತ. ಯಾವುದೇ ರೋಗಕ್ಕೆ ನಿತ್ಯ ಔಷಧ ಪಡೆಯುತ್ತಿರುವವರು ತಮ್ಮ ವೈದ್ಯರನ್ನು ಮೊದಲು ವಿಚಾರಿಸತಕ್ಕದ್ದು.

8. ಜ್ವರ ಬಂದಾಗ ದೊರೆಯುವ ಸೇವೆಗಳು

ಮಂಗಳೂರು ನಗರದಲ್ಲಿ ಕಟ್ಟಡ ನಿರ್ಮಾಣ ಸ್ಥಳಗಳು, ತಾರಸಿಯ ತೊಟ್ಟಿಗಳು ಮತ್ತು ಬಾವಿಗಳಲ್ಲಿ ನಿಂತ ನೀರಿನಲ್ಲಿ ಮಲೇರಿಯಾ ಹರಡುವ ಸೊಳ್ಳೆಗಳು ಬೆಳೆಯುತ್ತವೆ. ರೋಗಿಗಳ ಪತ್ತೆ ಹಾಗೂ ಸೊಳ್ಳೆ ತಾಣಗಳ ನಿಗಾಕ್ಕಾಗಿ ನಗರದಲ್ಲಿ ಅಕ್ಟೋಬರ್ 2015 ರಲ್ಲಿ ಟ್ಯಾಬ್ ಆಧಾರಿತ ವ್ಯವಸ್ಥೆಯನ್ನು ಜಾರಿಗೊಳಿಸಲಾಯಿತು. ಜ್ವರ ಬಂದವರು ಪರೀಕ್ಷೆಗೆ ಬಂದಾಗ ಮಾತ್ರ ಇಂತಹ ವ್ಯವಸ್ಥೆಯು ಫಲ ನೀಡುತ್ತದೆ.

- ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ನಗರ ಆರೋಗ್ಯ ಕೇಂದ್ರಗಳು ಮತ್ತು ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮಲೇರಿಯಾ ರಕ್ತ ಪರೀಕ್ಷೆ ಹಾಗೂ ಔಷಧಗಳು ಉಚಿತ.
- ವೈವಾಕ್ಸ್ ಮಲೇರಿಯಾಕ್ಕೆ 3 ದಿನ ಕ್ಲೋರೋಕ್ವಿನ್ ಮತ್ತು 14 ದಿನ ಪ್ರೈಮಾಕ್ವಿನ್ ನೀಡಲಾಗುತ್ತದೆ. ಯಕೃತ್ತಿನಲ್ಲಿ ಅಡಗಿರುವ ರೋಗಾಣುಗಳು ಮತ್ತೆ ತಲೆಯೆತ್ತದಿರಲು 14 ದಿನಗಳನ್ನೂ ಪೂರ್ಣಗೊಳಿಸತಕ್ಕದ್ದು. ಗರ್ಭಿಣಿಯರಿಗೆ ಮತ್ತು ಶಿಶುಗಳಿಗೆ ಪ್ರೈಮಾಕ್ವಿನ್ ನೀಡುವುದಿಲ್ಲ.
- ಫಾಲ್ಸಿಪಾರಂ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಆಧಾರಿತ ಸಂಯುಕ್ತ ಔಷಧಗಳನ್ನು ವೈದ್ಯರು ನೀಡುತ್ತಾರೆ. ಇದು ತಡವಾದಲ್ಲಿ ಪ್ರಾಣಾಪಾಯವಿರುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಷಾಯ ಕುಡಿದ ಮರುದಿನ ಜ್ವರ ಇಳಿದರೆ ಮಲೇರಿಯಾ ಗುಣವಾದಂತೆಯೇ?
ಉತ್ತರ: ಅಲ್ಲ. ವೈವಾಕ್ಸ್ ಮಲೇರಿಯಾದಲ್ಲಿ ಜ್ವರವು ದಿನ ಬಿಟ್ಟು ದಿನ ಬರುವುದುಂಟು. ನಡುವಿನ ದಿನ ಔಷಧವಿಲ್ಲದೆಯೂ ಜ್ವರ ಇಳಿದಿರುತ್ತದೆ. ರಕ್ತ ಪರೀಕ್ಷೆಯಿಂದ ಮಾತ್ರ ಖಚಿತಪಡಿಸಿಕೊಳ್ಳಬಹುದು.

ಪ್ರಶ್ನೆ: ಆಟಿ ಅಮಾವಾಸ್ಯೆಯ ಕಷಾಯ ಕುಡಿದವರಿಗೆ ಸೊಳ್ಳೆಪರದೆ ಬೇಡವೇ?
ಉತ್ತರ: ಬೇಕು. ಕಷಾಯವು ಮಲೇರಿಯಾ ಬಾರದಂತೆ ತಡೆಯುವುದೆಂದು ಭಾವಿಸಿ ಸೊಳ್ಳೆಪರದೆಯನ್ನು ಬಿಡಬಾರದು, ನೀರು ನಿಲ್ಲಲು ಅವಕಾಶ ಕೊಡಬಾರದು.

ಪ್ರಶ್ನೆ: ಆಯುಷ್-64 ಅನ್ನು ಅಂಗಡಿಯಿಂದ ತಾವಾಗಿಯೇ ಕೊಳ್ಳಬಹುದೇ?
ಉತ್ತರ: ನೋಂದಾಯಿತ ಆಯುರ್ವೇದ ವೈದ್ಯರ ಸಲಹೆ ಪಡೆದು ಮಾತ್ರ ಸೇವಿಸುವುದು ಸೂಕ್ತ. ಕೊಳ್ಳುವಾಗ ಪೊಟ್ಟಣದ ಮೇಲಿನ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸತಕ್ಕದ್ದು. ಜ್ವರವಿದ್ದಲ್ಲಿ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.