ಎಡಿಎಚ್‌ಡಿ: ಕೆಲಸದ ಸ್ಥಳದಲ್ಲಿ ಉಕ್ಕುವ ಭಾವೋದ್ವೇಗ

ಸಂಡೂರು ತಾಲ್ಲೂಕಿನ ಚೋರನೂರಿನಿಂದ ಗಣಿ ಕಚೇರಿಗೆ ಹೋಗಿಬರುವ ವೇಬ್ರಿಡ್ಜ್ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿ. ಅದಿರು ಲಾರಿಯ ತೂಕದ ಚೀಟಿ ಬರೆಯುತ್ತಿರುವಾಗಲೇ ಫೋನ್ ಮೊಳಗುತ್ತದೆ, ಚಾಲಕರು ಕಿಟಕಿಗೆ ಮುತ್ತುತ್ತಾರೆ, ಮೇಲಧಿಕಾರಿ ನಿನ್ನೆಯ ತಪ್ಪನ್ನು ಎಲ್ಲರೆದುರು ಎತ್ತಿ ಆಡುತ್ತಾರೆ. ಆತ ಸಿಡಿದು ಹೊರನಡೆಯುತ್ತಾನೆ. ಅರ್ಧ ಗಂಟೆಯಲ್ಲಿ ಸಿಟ್ಟು ಇಳಿದು ನಾಚಿಕೆಯಷ್ಟೇ ಉಳಿಯುತ್ತದೆ. ಇದು ಮರುಕಳಿಸಿದರೆ ‘ಮುಂಗೋಪಿ’ ಎಂಬ ಹೆಸರು ಅಂಟುತ್ತದೆ, ಕೆಲವೊಮ್ಮೆ ಕೆಲಸವೇ ಹೋಗುತ್ತದೆ.

ಇಂತಹ ವರ್ತನೆಯ ಹಿಂದೆ ಕೆಲವರಲ್ಲಿ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ ಇರುತ್ತದೆ. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಇದು ಬಾಲ್ಯದಲ್ಲೇ ಆರಂಭವಾಗಿ ಅನೇಕರಲ್ಲಿ ಪ್ರಾಯದಲ್ಲೂ ಮುಂದುವರಿಯುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಹಲವು ಲಕ್ಷಣಗಳು 12 ವರ್ಷಕ್ಕೆ ಮುನ್ನವೇ ಕಾಣಿಸಿಕೊಂಡಿರಬೇಕು. ವಿಚಿತ್ರವೆಂದರೆ, ಕಚೇರಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಭಾವೋದ್ವೇಗವು ಅದರ ಮುಖ್ಯ ಲಕ್ಷಣಗಳ ಪಟ್ಟಿಯಲ್ಲಿಲ್ಲ. ಜೊತೆಗೂಡಿ ಬರುವ ಲಕ್ಷಣವೆಂದಷ್ಟೇ ಅದನ್ನು ಪರಿಗಣಿಸಲಾಗಿದೆ. ಗಮನವನ್ನು ಹಿಡಿದಿಡಲು ಬೇಕಾದ ಲಗಾಮು ಸಿಟ್ಟು, ಅಳುಗಳನ್ನು ತಡೆಯಲೂ ಬೇಕು. ಲಗಾಮೇ ಸಡಿಲವಿದ್ದವರಿಗೆ ‘ಸಮಾಧಾನ ಮಾಡಿಕೊ’ ಎಂಬ ಬುದ್ಧಿವಾದ ಹೆಚ್ಚು ಫಲ ಕೊಡದು.

ಹಾಗೆಂದು ಸಿಟ್ಟಾದವರೆಲ್ಲರಿಗೂ ಈ ಸಮಸ್ಯೆ ಇದೆಯೆಂದಲ್ಲ. ಖಿನ್ನತೆ, ಆತಂಕ, ಥೈರಾಯ್ಡ್ ತೊಂದರೆ, ರಾತ್ರಿ ಪಾಳಿಯ ನಿದ್ರೆಗೇಡು ಕೂಡ ಇದೇ ರೂಪದಲ್ಲಿ ಕಾಣಿಸಿಕೊಳ್ಳಬಹುದು. ನಿರ್ಣಯ ಮನೋವೈದ್ಯರದು.

ಉದ್ವೇಗ ಏರಿದ ಗಳಿಗೆಯಲ್ಲಿ ವಾದಕ್ಕೆ ನಿಲ್ಲದೆ ‘ಹತ್ತು ನಿಮಿಷದಲ್ಲಿ ಬರುತ್ತೇನೆ’ ಎಂದು ಹೇಳಿ ಎದ್ದುಹೋಗುವುದು, ನೀರು ಕುಡಿದು ನಡೆದಾಡುವುದು ಉತ್ತಮ. ಮೊಬೈಲ್ ಸಂದೇಶಕ್ಕೆ ಕೂಡಲೇ ಉತ್ತರಿಸಲೇಬಾರದು. ಬರೆದಿಟ್ಟು ಗಂಟೆಯ ಬಳಿಕ ಓದಿದರೆ ಅದು ಹೋಗಬೇಕಾದ್ದೋ ಅಲ್ಲವೋ ತಿಳಿಯುತ್ತದೆ. ಆದರೆ ನಿಜವಾದ ಪ್ರಯೋಜನವಿರುವುದು ಮುನ್ನೆಚ್ಚರಿಕೆಯಲ್ಲಿ. ಕೆಲಸದ ಸೂಚನೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ತಪ್ಪನ್ನು ಏಕಾಂತದಲ್ಲಿ ತಿಳಿಸುವಂತೆ ಮೇಲಧಿಕಾರಿಯನ್ನು ಕೋರಬೇಕು. ಹಸಿವು, ನಿದ್ರೆಗೇಡು ಉದ್ವೇಗವನ್ನು ಬೇಗ ಕೆರಳಿಸುತ್ತವೆ. ಮೀಥೈಲ್‌ಫೆನಿಡೇಟ್, ಅಟೊಮೊಕ್ಸೆಟಿನ್ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಸೇವಿಸಕೂಡದು.

ಬಳ್ಳಾರಿ ಸೀಮೆಗೆ ಮಾನಸಿಕ ಆರೋಗ್ಯ ಸೇವೆಯ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ. 1985ರಿಂದ ನಿಮ್ಹಾನ್ಸ್ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ನಡೆಸಿದ ಪ್ರಯೋಗವೇ ‘ಬಳ್ಳಾರಿ ಮಾದರಿ’ ಎನಿಸಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಆ ಕಾಲದ ಗಮನ ತೀವ್ರ ಮನೋರೋಗ, ಮೂರ್ಛೆರೋಗಗಳತ್ತ ಇತ್ತು. ವಯಸ್ಕರ ಎಡಿಎಚ್‌ಡಿಯತ್ತ ಅಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಎಡಿಎಚ್‌ಡಿ ಹೆಸರಿಲ್ಲವಾದ್ದರಿಂದ, ಉದ್ಯೋಗದಾತರಿಂದ ರಿಯಾಯಿತಿ ಕೇಳುವವರಿಗೆ ಕಾನೂನಿನ ಆಸರೆ ಅಸ್ಪಷ್ಟ. ಆದರೆ ಮಾನಸಿಕ ಆರೋಗ್ಯ ಪಾಲನೆಯ 2017ರ ಕಾಯ್ದೆಯು ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು ನೀಡಿದೆ. ಕಚೇರಿಗೆ ತಿಳಿಸುವುದು, ಬಿಡುವುದು ಚಿಕಿತ್ಸೆ ಪಡೆಯುವವರ ಇಚ್ಛೆ. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.